ಹೆಬ್ಬೆಟ್ಟು ಮತ್ತು ಬ್ಯಾಂಕಿನ ಖಾತೆ



ಹೆಬ್ಬೆಟ್ಟಿನ ಬೆಲೆಯನ್ನು ಈ ಸೀಮೆಯ ಹಿರಿಯರಿಗೆ ಹೇಳಿಕೊಡಬೇಕಾಗಿಲ್ಲ. ಸಾಹುಕಾರನ ಖಾಲಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಹೊಲ ಕಳೆದುಕೊಂಡವರ ಮಾತು ಯಾವ ಊರಿಗೆ ಹೋದರೂ ಕೇಳಿಬರುತ್ತದೆ. ಆ ಕಾಗದದ ಜಾಗದಲ್ಲಿ ಈಗ ಬ್ಯಾಂಕ್ ಮಿತ್ರರ ಕೈಯಲ್ಲಿನ ಸಣ್ಣ ಯಂತ್ರ ಬಂದಿದೆ. ಬೆಳೆಹಾನಿ ಪರಿಹಾರ, ಪಿಎಂ ಕಿಸಾನ್ ಯೋಜನೆಯ 2,000 ರೂಪಾಯಿಯ ಕಂತು, ಹೆಣ್ಣುಮಕ್ಕಳ ಗೃಹಲಕ್ಷ್ಮಿ ಹಣ ಎಲ್ಲವೂ ಖಾತೆಗೇ ಜಮಾ ಆಗುವುದರಿಂದ ಕಳ್ಳನ ಕಣ್ಣೂ ಖಾತೆಯ ಮೇಲೆಯೇ ಬಿದ್ದಿದೆ.

ಈ ಯಂತ್ರದಲ್ಲಿ ಹಣ ತೆಗೆಯಲು ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳಿನ ಗುರುತು ಇಷ್ಟಿದ್ದರೆ ಸಾಕು. ಎಟಿಎಂ ಕಾರ್ಡು ಬೇಡ, ಗುಪ್ತ ಸಂಖ್ಯೆ ಬೇಡ, ಒಟಿಪಿಯೂ ಬೇಡ. ಓದು ಬಾರದವರಿಗೆ ಇದು ದೊಡ್ಡ ಅನುಕೂಲವೆಂಬುದು ನಿಜ. ಮೋಸಕ್ಕೆ ದಾರಿಯಾದದ್ದೂ ಇದೇ ಅನುಕೂಲ. 2023ರಲ್ಲಿ ಬೆಂಗಳೂರು, ಮಂಗಳೂರು ಮೊದಲಾದ ಕಡೆ ಆಸ್ತಿ ನೋಂದಣಿ ಮಾಡಿಸಿದ್ದ ಕೆಲವರ ಖಾತೆಗಳಿಂದ ಹಣ ಮಾಯವಾಯಿತು. ಅವರಿಗೆ ಯಾರೂ ಫೋನ್ ಮಾಡಿರಲಿಲ್ಲ, ಅವರು ಯಾರಿಗೂ ಯಾವ ಸಂಖ್ಯೆಯನ್ನೂ ಹೇಳಿರಲಿಲ್ಲ. ನೋಂದಣಿ ಪತ್ರಗಳ ಪ್ರತಿಯಲ್ಲಿದ್ದ ಆಧಾರ್ ಸಂಖ್ಯೆ ಮತ್ತು ಬೆರಳಚ್ಚನ್ನು ಕದ್ದು, ಅದರಿಂದ ನಕಲಿ ಬೆರಳಚ್ಚು ತಯಾರಿಸಿ ಯಂತ್ರಕ್ಕೆ ಒತ್ತಲಾಗಿತ್ತು. ಆ ಮೇಲೆ ನೋಂದಣಿ ಇಲಾಖೆಯು ಪ್ರತಿಗಳಲ್ಲಿ ಬೆರಳಚ್ಚು ಕಾಣದಂತೆ ಮರೆಮಾಡಲು ಕ್ರಮ ಕೈಗೊಂಡಿತು. ಕಳುವಾದ ಗುಪ್ತ ಸಂಖ್ಯೆಯನ್ನು ಬದಲಾಯಿಸಬಹುದು, ಬೆರಳನ್ನು ಬದಲಾಯಿಸಲಾಗದು.

ಇನ್ನೊಂದು ಮೋಸಕ್ಕೆ ಇಷ್ಟು ಜಾಣತನವೂ ಬೇಕಾಗಿಲ್ಲ. "ಸರ್ವರ್ ಇಲ್ಲ, ಇನ್ನೊಮ್ಮೆ ಒತ್ರಿ" ಎಂದು ಎರಡು ಮೂರು ಸಲ ಬೆರಳು ಇಡಿಸಿ, ಕೊನೆಗೆ "ಆಗಲಿಲ್ಲ, ನಾಳೆ ಬರ್ರಿ" ಎಂದು ಕಳಿಸುವುದು. ಹಣ ಮಾತ್ರ ಮೊದಲ ಸಲವೇ ಖಾತೆಯಿಂದ ಹೋಗಿರುತ್ತದೆ. ಬ್ಯಾಂಕ್ ಮಿತ್ರರಲ್ಲಿ ಬಹುಮಂದಿ ಪ್ರಾಮಾಣಿಕರೇ ಆದರೂ, ಪ್ರತಿ ಸಲವೂ, ಹಣ ಬಾರದಿದ್ದರೂ, ರಸೀದಿ ಕೇಳಿ ಪಡೆಯಬೇಕು. ತಿಂಗಳಿಗೊಮ್ಮೆ ಶಾಖೆಗೆ ಹೋಗಿ ಪಾಸ್‌ಬುಕ್ ಬರೆಸಿ, ಶಾಲೆಗೆ ಹೋಗುವ ಮಗ ಅಥವಾ ಮಗಳಿಂದ ಸಾಲುಸಾಲಾಗಿ ಓದಿಸಿಕೊಳ್ಳುವುದು ಒಳ್ಳೆಯದು. ಸಿಮ್ ಬದಲಾಯಿಸಿದವರು ಹೊಸ ಸಂಖ್ಯೆಯನ್ನು ಬ್ಯಾಂಕಿಗೆ ಲಿಖಿತವಾಗಿ ಕೊಡದಿದ್ದರೆ ಹಣ ಹೋದ ಸಂದೇಶ ಬೇರೆ ಯಾರ ಫೋನಿಗೋ ಹೋಗುತ್ತದೆ.

ಆಧಾರಿನ ಬೆರಳಚ್ಚಿಗೆ ಬೀಗ ಹಾಕುವ ಏರ್ಪಾಡೂ ಇದೆ. ಆಧಾರ್‌ಗೆ ಜೋಡಿಸಿದ ಮೊಬೈಲ್ ಇದ್ದವರು ಎಂ-ಆಧಾರ್ ಆ್ಯಪ್‌ನಲ್ಲಿ ಇದನ್ನು ಮಾಡಿಕೊಳ್ಳಬಹುದು. ಆದರೆ ಬೀಗ ಹಾಕಿದಾಗ ನ್ಯಾಯಬೆಲೆ ಅಂಗಡಿಯಲ್ಲಿಯೂ ಬೆರಳು ನಡೆಯುವುದಿಲ್ಲ. ಅಕ್ಕಿ ತರುವ ಮುನ್ನ ತಾತ್ಕಾಲಿಕವಾಗಿ ತೆರೆದುಕೊಳ್ಳಬೇಕಾಗುತ್ತದೆ. ಈ ತೊಂದರೆಯನ್ನು ಹೇಳದೆ ಬೀಗವನ್ನಷ್ಟೇ ಹೊಗಳುವುದು ಸರಿಯಲ್ಲ. ಅದು ಕಷ್ಟವೆನಿಸಿದವರು ಆಧಾರ್ ಮೂಲಕ ಹಣ ತೆಗೆಯುವ ಸೌಲಭ್ಯವನ್ನು ತಮ್ಮ ಖಾತೆಗೆ ನಿಲ್ಲಿಸುವಂತೆ ಶಾಖೆಯಲ್ಲಿ ಅರ್ಜಿ ಕೊಟ್ಟು ಕೇಳಬಹುದು.

ಇಷ್ಟಾಗಿಯೂ ಹಣ ಹೋದರೆ? ಕಾಯಿಕೊರಕ ಹತ್ತಿಕಾಯಿಯ ಒಳಗೆ ಸೇರಿದ ಮೇಲೆ ಔಷಧಿ ಹೊಡೆದು ಫಲವಿಲ್ಲವೆಂಬುದು ರೈತರಿಗೆ ಗೊತ್ತು. ಇಲ್ಲಿಯೂ ಹಾಗೆಯೇ. ಅದೇ ಗಳಿಗೆಯಲ್ಲಿ 1930ಕ್ಕೆ ಫೋನ್ ಮಾಡಿದರೆ ಹಣ ಮುಂದಿನ ಖಾತೆಗೆ ದಾಟುವ ಮೊದಲೇ ತಡೆಹಿಡಿಯುವ ಸಾಧ್ಯತೆ ಇರುತ್ತದೆ. 2017ರ ಜುಲೈ 6ರ ಸುತ್ತೋಲೆಯಲ್ಲಿ ರಿಸರ್ವ್ ಬ್ಯಾಂಕು ಈ ಬಗ್ಗೆ ನಿಯಮ ಗೊತ್ತುಪಡಿಸಿತು. ಗ್ರಾಹಕನ ತಪ್ಪಿಲ್ಲದೆ, ಬ್ಯಾಂಕಿನ ತಪ್ಪೂ ಇಲ್ಲದೆ ಮೂರನೆಯವರಿಂದ ನಡೆದ ಮೋಸವನ್ನು, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ಗ್ರಾಹಕನದಲ್ಲ. ನಾಲ್ಕರಿಂದ ಏಳನೆಯ ದಿನದೊಳಗೆ ತಿಳಿಸಿದರೆ ಸಾಮಾನ್ಯ ಉಳಿತಾಯ ಖಾತೆಯಲ್ಲಿ ಹೆಚ್ಚೆಂದರೆ 10,000 ರೂಪಾಯಿ, ಕನಿಷ್ಠ ಶಿಲ್ಕು ಬೇಡದ ಮೂಲ ಖಾತೆಯಲ್ಲಿ 5,000 ರೂಪಾಯಿ ನಷ್ಟ ಅವನ ಪಾಲಿಗೆ ಬರುತ್ತದೆ. ತಾನೇ ಒಟಿಪಿ ಹೇಳಿ ಮೋಸಹೋದವನಾದರೆ ದೂರು ಕೊಡುವವರೆಗಿನ ನಷ್ಟವೆಲ್ಲ ಅವನದೇ, ದೂರು ಕೊಟ್ಟ ನಂತರದ್ದು ಬ್ಯಾಂಕಿನದು. ನಾಚಿಕೆಯಿಂದ ಮನೆಯಲ್ಲಿ ಮುಚ್ಚಿಟ್ಟ ಒಂದೊಂದು ದಿನಕ್ಕೂ ಹೀಗೆ ರೂಪಾಯಿಯ ಲೆಕ್ಕವಿದೆ.

ಬಾಯಿಮಾತಿನ ದೂರು ಲೆಕ್ಕಕ್ಕೆ ಬರುವುದು ಕಷ್ಟ. ಹಣ ಹೋದ ದಿನ, ಮೊತ್ತ, ಖಾತೆಯ ಸಂಖ್ಯೆ ಬರೆದ ಅರ್ಜಿಯನ್ನು ಎರಡು ಪ್ರತಿ ಮಾಡಿ, ಒಂದನ್ನು ಶಾಖೆಗೆ ಕೊಟ್ಟು, ಇನ್ನೊಂದರ ಮೇಲೆ ಮೊಹರು ಮತ್ತು ತಾರೀಖು ಹಾಕಿಸಿಕೊಳ್ಳಬೇಕು. 30 ದಿನಗಳಲ್ಲಿ ಬ್ಯಾಂಕಿನಿಂದ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಅವರಿಗೆ ಖರ್ಚಿಲ್ಲದೆ ದೂರು ಸಲ್ಲಿಸಬಹುದು. ಆಗ ಮೊದಲು ಬೇಕಾಗುವುದು ಮೊಹರು ಬಿದ್ದ ಆ ಪ್ರತಿಯೇ.