‘ಮುಗೀತೇನ್ರಿ?’ ಎನ್ನುವ ಮೊದಲು

(ಹೊಸ ಏಕಾಂಕ ನಾಟಕಗಳ ಪ್ರಯೋಗಕ್ಕೆ ಮುನ್ನ ಬೈಲಹೊಂಗಲ ಭಾಗದ ನಾಟಕಾಸಕ್ತರ ಎದುರು ಆಡಿದ ಮಾತುಗಳ ಬರಹ ರೂಪ)



ಮಲಪ್ರಭೆಯ ಈ ಸೀಮೆಯಲ್ಲಿ ನಾಟಕವೆಂದರೆ ಒಂದು ಇಡೀ ರಾತ್ರಿಯ ಲೆಕ್ಕ. ಬೈಲಹೊಂಗಲವಿರಲಿ, ಕಿತ್ತೂರಿರಲಿ, ಸವದತ್ತಿ, ರಾಮದುರ್ಗಗಳ ಹಳ್ಳಿಗಳಿರಲಿ, ಜಾತ್ರೆಯ ನಾಟಕಕ್ಕೆ ಹೊರಟವರು ಊಟ ಮುಗಿಸಿ, ಚಾಪೆ ಕೌದಿ ಹೊತ್ತು ಬಂದು ಜಾಗ ಹಿಡಿಯುತ್ತಾರೆ. ಪರದೆ ಏಳುವುದೇ ಹತ್ತು ಗಂಟೆಯ ಮೇಲೆ. ನಡುವೆ ಒಂದು ನಿದ್ದೆ ತೆಗೆದರೂ ಕತೆ ಕೈತಪ್ಪುವುದಿಲ್ಲ. ಇಂಥ ಪ್ರೇಕ್ಷಕರ ಎದುರು ಮೂವತ್ತೈದು ನಿಮಿಷದ ಹೊಸ ನಾಟಕವೊಂದನ್ನು ಆಡಿ ದೀಪ ಆರಿಸಿದರೆ, ಕತ್ತಲಲ್ಲಿ ಕೇಳಿಬರುವ ಮೊದಲ ಮಾತು ಚಪ್ಪಾಳೆಯಲ್ಲ. ‘ಮುಗೀತೇನ್ರಿ?’ ಎಂಬ ಪ್ರಶ್ನೆ.

ಈ ಪ್ರಶ್ನೆಯನ್ನು ಕೇಳಿ ನಗುವವರಿದ್ದಾರೆ. ನಗಬೇಕಾದ್ದೇನೂ ಇಲ್ಲ. ಐದು ತಾಸಿನ ಊಟಕ್ಕೆ ಕುಳಿತವನಿಗೆ ಒಂದು ತುತ್ತು ಬಡಿಸಿದರೆ ಆತ ಎಲೆ ನೋಡುವುದು ಸಹಜ. ಆದರೆ ಆ ತುತ್ತನ್ನು ತುತ್ತೆಂದೇ ಸವಿಯುವ ಬಗೆಯೂ ಒಂದುಂಟು. ಅದು ಈ ನೆಲಕ್ಕೆ ಹೊಸತೂ ಅಲ್ಲ.

ದೊಡ್ಡಾಟ, ಸಣ್ಣಾಟ ಎಂಬ ಹೆಸರುಗಳನ್ನೇ ನೋಡಿ. ದೊಡ್ಡಾಟಕ್ಕೆ ಕಿರೀಟ ಬೇಕು, ಭುಜಕೀರ್ತಿ ಬೇಕು, ದೇವತೆಗಳು, ರಾಕ್ಷಸರು, ಯುದ್ಧ ಬೇಕು. ಸಣ್ಣಾಟದವರು ಅದನ್ನೆಲ್ಲ ಬದಿಗಿಟ್ಟು, ಧೋತರ ಉಟ್ಟು ರುಮಾಲು ಸುತ್ತಿದ ಮನುಷ್ಯರನ್ನೇ ಅಟ್ಟದ ಮೇಲೆ ತಂದು ನಿಲ್ಲಿಸಿದರು. ಸಣ್ಣಾಟವೂ ಬೆಳತನಕ ನಡೆಯುತ್ತಿತ್ತೆಂಬುದು ಬೇರೆ ಮಾತು. ಅಲ್ಲಿ ಸಣ್ಣದಾದದ್ದು ಹೊತ್ತಲ್ಲ, ವೇಷ ಮತ್ತು ವಸ್ತು. ಸಂಗ್ಯಾ ಬಾಳ್ಯಾ ಇದೇ ಬೈಲಹೊಂಗಲದ ಆಟ. ಹತ್ತೊಂಬತ್ತನೇ ಶತಮಾನದಲ್ಲಿ ಈ ಊರಲ್ಲಿ ನಿಜವಾಗಿ ನಡೆದ ಕೊಲೆಯೊಂದು ಅದರ ಬೀಜವೆಂದು ಪ್ರತೀತಿ. ಪತ್ತಾರ ಮಾಸ್ತರರು ಅದನ್ನು ಕಟ್ಟಿದರೆಂದು ಹೇಳುತ್ತಾರೆ. ಹಣವಂತ ತರುಣ ಸಂಗ್ಯಾ, ಜೀವದ ಗೆಳೆಯ ಬಾಳ್ಯಾ, ವ್ಯಾಪಾರಿ ಈರ್ಯಾನ ಹೆಂಡತಿ ಗಂಗಿ, ನಡುವೆ ಓಡಾಡುವ ಮುದುಕಿ ಪಾರಮ್ಮ. ಕೊನೆಗೆ ಒಂದು ಕೊಲೆ. ಅದನ್ನು ಮೊದಲ ಸಲ ನೋಡಿದವರ ಪಾಲಿಗೆ ಅದು ಜನಪದ ಪರಂಪರೆಯಾಗಿರಲಿಲ್ಲ. ತಮ್ಮದೇ ಓಣಿಯ ಸುದ್ದಿಯನ್ನು ಎತ್ತಿಕೊಂಡ ಹೊಸ ನಾಟಕವಾಗಿತ್ತು. ಇಂದು ಪರಂಪರೆ ಎಂದು ಕೈಮುಗಿಯುವ ಆಟ ಒಂದು ಕಾಲದ ಸಮಕಾಲೀನ ನಾಟಕವೇ.

ಇದೇ ಜಿಲ್ಲೆಯ ಘೋಡಗೇರಿಯ ಚಂದ್ರಶೇಖರ ಕಂಬಾರರು 1970ರ ದಶಕದಲ್ಲಿ ಆ ಕತೆಯನ್ನು ಮತ್ತೆ ಮುಟ್ಟಿ ಆಧುನಿಕ ರಂಗಭೂಮಿಗೆ ತಂದರು. ಹಳೆಯ ಆಟದಲ್ಲಿ ಹಾದರಕ್ಕೆ ತಕ್ಕ ಶಿಕ್ಷೆಯಾಯಿತೆಂದು ತಲೆದೂಗಿದವರು, ಹೊಸ ಕಣ್ಣಿನಲ್ಲಿ ನೋಡಿದಾಗ ಗೆಳೆತನ ಮುರಿದದ್ದೆಲ್ಲಿ ಎಂದು ಕೇಳಿಕೊಳ್ಳಬೇಕಾಯಿತು.

ಕಂಪನಿ ನಾಟಕದ ವೈಭವ ಈ ಭಾಗದವರಿಗೆ ಹೇಳಿಕೊಡಬೇಕಾದ್ದಲ್ಲ. ಸವದತ್ತಿ ತಾಲ್ಲೂಕಿನ ಏಣಗಿಯಲ್ಲಿ 1914ರಲ್ಲಿ ಹುಟ್ಟಿದ ಬಾಳಪ್ಪನವರು ಕಲಾವೈಭವ ನಾಟ್ಯ ಸಂಘ ಕಟ್ಟಿ ಊರೂರು ತಿರುಗಿದರು. ಅವರ ಬಸವಣ್ಣನ ಪಾತ್ರಕ್ಕೆ ಜನ ಎದ್ದು ಕೈಮುಗಿಯುತ್ತಿದ್ದರಂತೆ. 2017ರಲ್ಲಿ ಅವರು ತೀರಿಕೊಂಡಾಗ ನೂರು ದಾಟಿತ್ತು. ಹಾಡು ಹಿಡಿಸಿದರೆ ‘ವನ್ಸ್ ಮೋರ್’ ಕೂಗಿ ಮತ್ತೆ ಹಾಡಿಸುವ ರೂಢಿ ಆ ಕಂಪನಿಗಳದು. ಅಲ್ಲಿ ಪ್ರೇಕ್ಷಕನೇ ಯಜಮಾನ, ನಾಟಕ ಅವನಿಗಾಗಿ ನಿಂತು ಕಾಯುತ್ತಿತ್ತು. ಸಣ್ಣ ನಾಟಕ ಕಾಯುವುದಿಲ್ಲ. ಮೊದಲ ಐದು ನಿಮಿಷ ತಪ್ಪಿಸಿಕೊಂಡವನಿಗೆ ಅದು ಸಿಗುವುದೇ ಇಲ್ಲ. ತಕರಾರು ಹುಟ್ಟುವುದು ಇಲ್ಲಿಯೇ.

ಹಾಗೆಂದು ಏಕಾಂಕವೇನು ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. ಸಂಸ್ಕೃತದಲ್ಲಿ ಭಾಸನ ಹೆಸರಿನಲ್ಲಿರುವ ಊರುಭಂಗ, ಕರ್ಣಭಾರಗಳು ಒಂದೇ ಅಂಕದವು. ಕನ್ನಡದಲ್ಲಿ ಬೇಂದ್ರೆಯವರನ್ನು ಕವಿಯೆಂದೇ ನೆನೆಯುವವರು ಅವರ ‘ಹುಚ್ಚಾಟಗಳು’ ಎಂಬ ನಾಟಕ ಸಂಕಲನವನ್ನು ಮರೆಯುತ್ತಾರೆ. ಧಾರವಾಡದಲ್ಲಿ ಸಂಸ್ಕೃತ ಕಲಿಸುತ್ತಿದ್ದ ಶ್ರೀರಂಗರು ದೊಡ್ಡ ನಾಟಕಗಳ ಜೊತೆಗೆ ಅರವತ್ತಕ್ಕೂ ಹೆಚ್ಚು ಏಕಾಂಕಗಳನ್ನು ಬರೆದರು. 1950ರಲ್ಲಿ ಧಾರವಾಡ ಆಕಾಶವಾಣಿ ಶುರುವಾದ ಮೇಲಂತೂ ಈ ಭಾಗದ ಮನೆಮನೆಯಲ್ಲಿ ಕಿರುನಾಟಕ ಕಿವಿಗೆ ಬಿತ್ತು. ಚಂದ್ರಶೇಖರ ಪಾಟೀಲರ ‘ಕೊಡೆಗಳು’ ಅಸಂಗತ ನಾಟಕದ ಚೇಷ್ಟೆಯನ್ನು ಕಾಲೇಜು ಹುಡುಗರ ಕೈಗೆ ಕೊಟ್ಟಿತು.

ಸರಿ, ಸಣ್ಣ ನಾಟಕವನ್ನು ನೋಡುವುದು ಹೇಗೆ? ಗಿರೀಶ ಕಾರ್ನಾಡರ ‘ಒಡಕಲು ಬಿಂಬ’ವನ್ನೇ ತೆಗೆದುಕೊಳ್ಳಬಹುದು. 2005ರಲ್ಲಿ ಬೆಂಗಳೂರಿನ ರಂಗಶಂಕರದಲ್ಲಿ ಅರುಂಧತಿ ನಾಗ್ ಅದನ್ನು ಕನ್ನಡದಲ್ಲಿ ಆಡಿದರು. ರಂಗದ ಮೇಲೆ ಒಬ್ಬಳೇ ನಟಿ, ಒಂದು ಟಿ.ವಿ. ಸ್ಟುಡಿಯೋ, ಒಂದು ಪರದೆ. ಕನ್ನಡದಲ್ಲಿ ಕತೆ ಬರೆದುಕೊಂಡಿದ್ದ ಮಂಜುಳಾ ನಾಯಕ ಇದ್ದಕ್ಕಿದ್ದಂತೆ ಇಂಗ್ಲಿಷಿನಲ್ಲಿ ಕಾದಂಬರಿ ಪ್ರಕಟಿಸಿ ಜಗತ್ತಿನಲ್ಲೆಲ್ಲ ಹೆಸರಾಗಿದ್ದಾಳೆ. ಟಿ.ವಿ.ಯಲ್ಲಿ ನಾಲ್ಕು ಮಾತು ಹೇಳಿ ಹೊರಡಲು ಎದ್ದರೆ, ಪರದೆಯ ಮೇಲಿನ ಅವಳದೇ ಬಿಂಬ ಹೋಗಗೊಡುವುದಿಲ್ಲ. ಪ್ರಶ್ನೆ ಕೇಳತೊಡಗುತ್ತದೆ. ಗಾಲಿಕುರ್ಚಿಯಲ್ಲಿ ಬದುಕು ಕಳೆದು ಸತ್ತ ತಂಗಿ ಮಾಲಿನಿಯ ಮಾತು ಬರುತ್ತದೆ. ಕಾದಂಬರಿ ನಿಜಕ್ಕೂ ಯಾರದು ಎಂಬಲ್ಲಿಗೆ ಬಂದು ಮುಟ್ಟುತ್ತದೆ.

ಇದೇ ಕತೆಯನ್ನು ಕಂಪನಿಯವರು ಆಡಿದ್ದರೆ ಅಕ್ಕತಂಗಿಯರ ಬಾಲ್ಯದಿಂದ ಶುರುಮಾಡುತ್ತಿದ್ದರು. ತಾಯಿಯ ಪಕ್ಷಪಾತಕ್ಕೊಂದು ದೃಶ್ಯ, ಮದುವೆಗೊಂದು, ತಂಗಿಯ ಸಾವಿಗೊಂದು ಹಾಡು. ಕಾರ್ನಾಡರು ಇದೆಲ್ಲ ಆಗಿಹೋದ ಮೇಲೆ ಪರದೆ ಎತ್ತುತ್ತಾರೆ. ಸಣ್ಣ ನಾಟಕದ ಮೊದಲ ಗುಟ್ಟು ಇದು. ಅದು ಕತೆಯ ಕೊನೆಯ ಮಗ್ಗುಲಲ್ಲಿ ಆರಂಭವಾಗುತ್ತದೆ. ಹಿಂದಿನದೆಲ್ಲ ಮಾತಿನ ಸಂದಿಯಲ್ಲಿ ಸೋರಿ ಬರಬೇಕು. ಆದ್ದರಿಂದ ‘ಮುಂದೇನಾತು?’ ಎಂದು ಕಾಯುವವನಿಗೆ ನಿರಾಶೆ, ‘ಹಿಂದೇನಾಗಿತ್ತು?’ ಎಂದು ಕಿವಿಗೊಡುವವನಿಗೆ ಲಾಭ. ರಂಗದ ಮೇಲಿನ ವಸ್ತುವನ್ನೂ ಗಮನಿಸಬೇಕು. ಇಲ್ಲಿ ಪರದೆ ಬರೀ ಸಾಮಾನಲ್ಲ, ಅದೇ ಎರಡನೆಯ ಪಾತ್ರ. ಐರ್ಲೆಂಡಿನ ಸ್ಯಾಮ್ಯುಯೆಲ್ ಬೆಕೆಟ್ 1958ರಲ್ಲಿ ರಂಗಕ್ಕೆ ತಂದ ಪುಟ್ಟ ನಾಟಕದಲ್ಲಿ ಮುದುಕನೊಬ್ಬ ಟೇಪ್ ರೆಕಾರ್ಡರ್ ಹಾಕಿಕೊಂಡು ತನ್ನದೇ ಹಳೆಯ ದನಿ ಕೇಳುತ್ತ ಕೂರುತ್ತಾನೆ. ಒಬ್ಬನೇ ನಟ, ಆದರೂ ಇಬ್ಬರ ಜಗಳ.

ಇನ್ನೂ ಹತ್ತಿರದ ಉದಾಹರಣೆ ಬೇಕೆಂದರೆ ಕಿತ್ತೂರಿನತ್ತ ತಿರುಗಬೇಕು. ಚೆನ್ನಮ್ಮನ ನಾಟಕವೆಂದರೆ ಎಲ್ಲರ ಕಣ್ಣ ಮುಂದೆ ಬರುವುದು 1824ರ ಅಕ್ಟೋಬರ್ 23. ಥ್ಯಾಕರೆ ಬಿದ್ದ ದಿನ, ಕುದುರೆ, ಕತ್ತಿ, ಗರ್ಜನೆ. ಅದು ದೊಡ್ಡ ನಾಟಕದ ಸಾಮಗ್ರಿ, ಆಡಿದಷ್ಟೂ ಚೆಂದ. ಆದರೆ ಆ ವರ್ಷದ ಕೊನೆಯಲ್ಲಿ ಕಿತ್ತೂರು ಬಿತ್ತು. ರಾಣಿ ಇದೇ ಬೈಲಹೊಂಗಲದ ಕೋಟೆಯಲ್ಲಿ ಸೆರೆಯಾಗಿ, 1829ರಲ್ಲಿ ಇಲ್ಲಿಯೇ ಕಣ್ಣುಮುಚ್ಚಿದಳು. ನಡುವೆ ನಾಲ್ಕು ವರ್ಷಗಳುಂಟು. ಹೊರಗೆ ಸಂಗೊಳ್ಳಿ ರಾಯಣ್ಣನಂಥವರು ಇನ್ನೂ ಇದ್ದರು, ಒಳಗೆ ರಾಣಿಗೆ ಮಾಡಲು ಏನೂ ಕೆಲಸವಿರಲಿಲ್ಲ. ಸಣ್ಣ ನಾಟಕ ಬರೆಯುವವನು ಆ ನಾಲ್ಕು ವರ್ಷಗಳಲ್ಲಿ ಒಂದೇ ಒಂದು ಮಧ್ಯಾಹ್ನವನ್ನು ಆರಿಸಿಕೊಂಡಾನು. ಒಬ್ಬ ಕಾವಲುಗಾರ, ಒಬ್ಬ ರಾಣಿ. ಕತ್ತಿ ಹಿಡಿಯದ ಚೆನ್ನಮ್ಮನನ್ನು ನೋಡಲು ಪ್ರೇಕ್ಷಕನಿಗೂ ಧೈರ್ಯ ಬೇಕು. ‘ಇದೇನ್ರಿ, ಯುದ್ಧಾನ ಇಲ್ಲಲಾ!’ ಎಂದು ಎದ್ದುಹೋದರೆ ಆ ಮಧ್ಯಾಹ್ನವನ್ನು ಬರೆಯುವವರು ಮತ್ತೆ ಹುಟ್ಟುವುದು ಕಷ್ಟ.

ಹೊಸ ನಾಟಕಕಾರರದೆಲ್ಲ ಸರಿಯೆಂದೇನಲ್ಲ. ಈಚಿನ ಎಷ್ಟೋ ಏಕಾಂಕಗಳು ನಾಟಕವಲ್ಲ, ಭಾಷಣವನ್ನು ಇಬ್ಬರಿಗೆ ಹಂಚಿಕೊಟ್ಟದ್ದು. ಪರಿಸರ, ವರದಕ್ಷಿಣೆ, ಕುಡಿತ ಎಂದು ವಿಷಯ ಮೊದಲು ಬಂದು, ಮನುಷ್ಯರು ಆಮೇಲೆ ಬರುತ್ತಾರೆ. ಕೊನೆಗೊಬ್ಬ ಮಾಸ್ತರ ಎದುರು ಬಂದು ನೀತಿ ಹೇಳಿ ಹೋಗುತ್ತಾನೆ. ಇನ್ನು ಕೆಲವು ಕತ್ತಲೆ, ಕಿರುಚಾಟ, ಕರಿ ಬಟ್ಟೆ ಇದ್ದರೆ ಆಳವಾಯಿತೆಂದು ತಿಳಿಯುತ್ತವೆ. ಅರ್ಥವಾಗದ್ದನ್ನು ಅರ್ಥವಾಗಲಿಲ್ಲ ಎನ್ನಲು ಯಾರೂ ನಾಚಬೇಕಿಲ್ಲ. ಆದರೆ ಹಾಗೆನ್ನುವ ಮೊದಲು ಒಂದು ಪರೀಕ್ಷೆ ಮಾಡಬಹುದು. ಮಾರನೆಯ ದಿನ ಬಸ್ಸಿನಲ್ಲೋ ಹೊಲದಲ್ಲೋ ಆ ನಾಟಕದ ಒಂದು ಮಾತು, ಒಂದು ನಿಲುವು ತಾನಾಗಿ ನೆನಪಿಗೆ ಬಂತೇ? ಬಂದರೆ ಅದರಲ್ಲಿ ಏನೋ ಇದ್ದಿತೆಂದೇ ತಿಳಿಯಬೇಕು.

ಭಾಷೆಯ ಮಾತನ್ನೂ ಆಡಬೇಕು. ಬೆಳಗಾವಿ ಸೀಮೆಯ ಕನ್ನಡವನ್ನು ಸಿನಿಮಾದವರು ನಗಿಸಲಿಕ್ಕೆ ಬಳಸಿ ಬಳಸಿ, ರಂಗದ ಮೇಲೆ ‘ಹೌದಲ್ರಿ’ ಎಂದೊಡನೆ ನಗುವ ಚಾಳಿ ಹತ್ತಿದೆ. ಇಲ್ಲಿಯ ಜನ ಅಳುವುದೂ, ಸಾಲದ ಲೆಕ್ಕ ಕೇಳುವುದೂ ಇದೇ ಭಾಷೆಯಲ್ಲಿ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಸವದತ್ತಿ, ರಾಮದುರ್ಗ ತಾಲ್ಲೂಕುಗಳ ಹಳ್ಳಿಗಳಿಗೆ ನುಗ್ಗಿದಾಗ ಎತ್ತು ಬಿಚ್ಚುವುದೋ ಮುದುಕಿಯನ್ನು ಹೊರುವುದೋ ಎಂಬ ಗಳಿಗೆಯಲ್ಲಿ ಆಡಿದ ಮಾತು ಗ್ರಂಥದ ಕನ್ನಡದಲ್ಲಿರಲು ಸಾಧ್ಯವಿಲ್ಲ. ಅಂಥ ಗಳಿಗೆಯೊಂದು ರಂಗಕ್ಕೆ ಬಂದಾಗ ಸಭೆಯಲ್ಲಿ ನಗು ಎದ್ದರೆ ನಟನ ಬಾಯಿ ಕಟ್ಟಿಹೋಗುತ್ತದೆ.

ಎಲ್ಲಕ್ಕಿಂತ ದೊಡ್ಡ ಕಷ್ಟ ಎರಡನೆಯ ಪ್ರದರ್ಶನದ್ದು. ಜಾತ್ರೆಯ ನಾಟಕಕ್ಕೆ ಪಟ್ಟಿ ಎತ್ತುತ್ತಾರೆ, ಸೀನರಿ ಬಾಡಿಗೆಗೆ ತರುತ್ತಾರೆ, ಸ್ತ್ರೀ ಪಾತ್ರಕ್ಕೆ ಹೊರಗಿನಿಂದ ಕಲಾವಿದೆಯರನ್ನು ಕರೆಸುತ್ತಾರೆ. ಛಾಪಿಸಿದ ಪುಸ್ತಕವೂ ಪೇಟೆಯಲ್ಲಿ ಸಿಗುತ್ತದೆ. ಹೊಸ ಏಕಾಂಕಕ್ಕೆ ಇದಾವುದೂ ಇಲ್ಲ. ಸ್ಪರ್ಧೆಗೆಂದು ಬರೆದದ್ದು ಸ್ಪರ್ಧೆಯಲ್ಲೇ ಮುಗಿಯುತ್ತದೆ, ಹಸ್ತಪ್ರತಿ ನಿರ್ದೇಶಕನ ಚೀಲದಲ್ಲಿ ಕೊಳೆಯುತ್ತದೆ. ಮೊದಲ ರಾತ್ರಿ ತಪ್ಪಿದ ಜಾಗ ತಿದ್ದಿಕೊಳ್ಳಲು ಬರೆದವನಿಗೆ ಎರಡನೆಯ ರಾತ್ರಿ ಸಿಗುವುದಿಲ್ಲ. ಸಂಗ್ಯಾ ಬಾಳ್ಯಾ ಹದಗೊಂಡದ್ದು ನೂರಾರು ಅಟ್ಟಗಳ ಮೇಲೆ. ಇಂದಿನ ಬರಹಗಾರನಿಗೆ ಹತ್ತು ಅಟ್ಟವಾದರೂ ಬೇಡವೇ? ಖರ್ಚೂ ಹೆಚ್ಚಲ್ಲ. ಶಾಲೆಯ ಒಂದು ಕೋಣೆ, ಎರಡು ಕುರ್ಚಿ, ಹತ್ತಿರದಲ್ಲಿ ಕುಳಿತ ಐವತ್ತು ಜನ ಸಾಕು. ಮೈಕು ಇಲ್ಲದಿದ್ದರೆ ಇನ್ನೂ ಒಳ್ಳೆಯದು, ಪಿಸುಮಾತು ಪಿಸುಮಾತಾಗಿಯೇ ಕೇಳುತ್ತದೆ.

ಈಗ ಆಡಲಿರುವ ಎರಡು ನಾಟಕಗಳು ತಲಾ ಅರ್ಧ ತಾಸಿನವು. ನಡುವೆ ಚಹಾದ ವಿರಾಮ ಇದೆ, ಮೊದಲ ನಾಟಕದ ಬಗ್ಗೆ ಜಗಳವಾಡಲು ಅಷ್ಟು ಹೊತ್ತು ಸಾಕಾಗದಿದ್ದರೆ ಬರೆದವರು ಎರಡನೆಯದು ಮುಗಿದ ಮೇಲೂ ಇಲ್ಲಿಯೇ ಬಾಗಿಲ ಬಳಿ ಇರುತ್ತಾರೆ. ಮೊಬೈಲುಗಳನ್ನು ಆರಿಸಿಟ್ಟು, ಹಿಂದಿನ ಸಾಲಿನವರು ಮುಂದಿನ ಖಾಲಿ ಕುರ್ಚಿಗಳಿಗೆ ಬಂದು ಕೂಡಬೇಕು. ಇನ್ನು ದೀಪ ಆರಿಸುತ್ತಾರೆ.