ಸಂಸತ್ತಿನ ಕ್ಯಾಮರಾ ಯಾರ ಪರ?



ಮತ ಚಲಾಯಿಸಿ ಬಂದೊಡನೆ ನಮ್ಮ ಹೊಣೆ ಮುಗಿಯಿತೆಂದು ನಾವು ಭಾವಿಸುತ್ತೇವೆ. ನಾವು ಆರಿಸಿ ಕಳುಹಿಸಿದವರು ಸದನದಲ್ಲಿ ಏನು ಮಾತನಾಡಿದರು, ಯಾವ ಮಸೂದೆಯನ್ನು ಬೆಂಬಲಿಸಿದರು, ಎಲ್ಲಿ ಮೌನ ವಹಿಸಿದರು ಎಂದು ವಿಚಾರಿಸುವವರು ನಮ್ಮಲ್ಲೆಷ್ಟು ಮಂದಿ? ವಿಚಾರಿಸಬೇಕಾದರೆ ಸದನದ ಕಲಾಪವು ಯಥಾವತ್ತಾಗಿ ನಮ್ಮನ್ನು ತಲುಪಬೇಕು.

ಈ ಹಕ್ಕು ಸುಲಭವಾಗಿ ದೊರೆತದ್ದಲ್ಲ. ಸದನದಲ್ಲಾಡುವ ಮಾತಿಗೆ ಸಂವಿಧಾನದ 105ನೇ ವಿಧಿಯು ಸದಸ್ಯರಿಗೆ ರಕ್ಷಣೆ ನೀಡಿತ್ತು. ಅದನ್ನು ವರದಿ ಮಾಡುವ ಪತ್ರಿಕೆಗೆ ಅಂಥ ರಕ್ಷಣೆ ಇರಲಿಲ್ಲ. ಫಿರೋಜ್ ಗಾಂಧಿಯವರ ಖಾಸಗಿ ಮಸೂದೆಯು 1956ರಲ್ಲಿ ಕಾನೂನಾಗಿ ಈ ಕೊರತೆಯನ್ನು ನೀಗಿಸಿತು. ತುರ್ತುಪರಿಸ್ಥಿತಿಯ ಕಾಲದಲ್ಲಿ ಅವರ ಪತ್ನಿ ಇಂದಿರಾ ಗಾಂಧಿಯವರ ಸರಕಾರವೇ ಆ ಕಾನೂನನ್ನು ರದ್ದುಗೊಳಿಸಿತು. 1977ರಲ್ಲಿ ಅದು ಮರಳಿ ಬಂತು. 1978ರ 44ನೇ ತಿದ್ದುಪಡಿಯು ಅದಕ್ಕೆ ಸಂವಿಧಾನದ ಬಲ ನೀಡಿತು.

ಆ ಬಳಿಕ ಕ್ಯಾಮರಾ ಬಂತು. 2006ರ ಜುಲೈಯಲ್ಲಿ, ಸೋಮನಾಥ ಚಟರ್ಜಿಯವರು ಸಭಾಧ್ಯಕ್ಷರಾಗಿದ್ದಾಗ ಲೋಕಸಭಾ ಟಿವಿ ಆರಂಭವಾಯಿತು. 2008ರ ಜುಲೈ 22ರಂದು, ವಿಶ್ವಾಸಮತದ ವೇಳೆ ಸದನದಲ್ಲಿ ನೋಟಿನ ಕಂತೆಗಳನ್ನು ಪ್ರದರ್ಶಿಸಿದ್ದನ್ನು ದೇಶವೇ ಕಂಡಿತು. ಅದು ನಾಚಿಕೆಗೇಡಿನ ದೃಶ್ಯ, ನಿಜ. ಆದರೆ ಮುಚ್ಚಿಟ್ಟಿದ್ದರೆ ನಾಚಿಕೆ ಇಲ್ಲವಾಗುತ್ತಿತ್ತೇ? 2014ರ ಫೆಬ್ರವರಿ 18ರಂದು ತೆಲಂಗಾಣ ಮಸೂದೆ ಅಂಗೀಕಾರವಾಗುವಾಗ ನೇರಪ್ರಸಾರವೇ ನಿಂತುಹೋಯಿತು. ತಾಂತ್ರಿಕ ದೋಷವೆಂಬ ವಿವರಣೆ ಬಂತು. ಸಂಶಯ ಮಾತ್ರ ಉಳಿಯಿತು. ಎರಡೂ ಸದನಗಳ ವಾಹಿನಿಗಳು ಒಂದಾಗಿ 2021ರಲ್ಲಿ ಸಂಸದ್ ಟಿವಿ ಬಂತು. 2023ರ ಆಗಸ್ಟ್‌ನ ಅವಿಶ್ವಾಸ ಚರ್ಚೆಯಲ್ಲಿ ರಾಹುಲ್ ಗಾಂಧಿಯವರು ಮಾತನಾಡುತ್ತಿದ್ದಾಗ ಕ್ಯಾಮರಾ ಹೆಚ್ಚು ಹೊತ್ತು ಸಭಾಧ್ಯಕ್ಷರ ಮೇಲಿತ್ತೆಂದು ಕಾಂಗ್ರೆಸ್ ಆರೋಪಿಸಿತು.

ಇದು ದೆಹಲಿಯ ಮಾತಷ್ಟೇ ಅಲ್ಲ. 2019ರ ಅಕ್ಟೋಬರ್‌ನಲ್ಲಿ ನಮ್ಮ ವಿಧಾನಸಭೆಯೊಳಗೂ ಖಾಸಗಿ ವಾಹಿನಿಗಳ ಕ್ಯಾಮರಾಗಳಿಗೆ ನಿರ್ಬಂಧ ಹೇರಲಾಯಿತು. ಅಧಿಕೃತ ಕ್ಯಾಮರಾ ಒಂದೇ ಉಳಿದಾಗ ಅದರ ಹೊಣೆ ಇಮ್ಮಡಿಯಾಗುತ್ತದೆ.

ಗದ್ದಲವನ್ನು ತೋರಿಸಿದರೆ ಸದನದ ಘನತೆಗೆ ಕುಂದು ಎನ್ನುವವರಿದ್ದಾರೆ. ಕ್ಯಾಮರಾದ ಮುಂದೆ ಅಬ್ಬರಿಸುವ ಸದಸ್ಯರೂ ಇದ್ದಾರೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಗದ್ದಲವೆದ್ದಾಗ ಪೀಠವನ್ನಷ್ಟೇ ತೋರಿಸಿದರೆ ಎದ್ದವರು ಯಾರು, ಏಕೆ ಎಂಬುದು ಮನೆಯಲ್ಲಿ ಕುಳಿತ ನಾಗರಿಕನಿಗೆ ತಿಳಿಯುವುದು ಹೇಗೆ? ತಿಳಿಯದವನು ವದಂತಿಯನ್ನು ನಂಬುತ್ತಾನೆ. ವದಂತಿಯ ಬೆಲೆಯನ್ನು ತೆರುವವರು ಯಾವಾಗಲೂ ದುರ್ಬಲರೇ.

ನಿಷ್ಪಕ್ಷಪಾತವೆಂದರೆ ಕಣ್ಣು ಮುಚ್ಚಿಕೊಳ್ಳುವುದಲ್ಲ. ಎರಡೂ ಕಡೆಗೆ ಒಂದೇ ಕಣ್ಣಿನಿಂದ ನೋಡುವುದು. ಮಂತ್ರಿಯ ಉತ್ತರ ಕೇಳಿಸುವಷ್ಟೇ ಸ್ಪಷ್ಟವಾಗಿ ಪ್ರಶ್ನೆಯೂ ಕೇಳಿಸಬೇಕು. ಯಾರನ್ನು ಯಾವಾಗ ತೋರಿಸಬೇಕೆಂಬ ನಿಯಮ ಬಹಿರಂಗವಾಗಿರಬೇಕು ಮತ್ತು ಅದು ಎಲ್ಲ ಪಕ್ಷಗಳಿಗೂ ಸಮಾನವಾಗಿ ಅನ್ವಯವಾಗಬೇಕು. ಇಂದು ಆಡಳಿತ ಪಕ್ಷದಲ್ಲಿರುವವರು ನಾಳೆ ವಿರೋಧ ಪಕ್ಷದ ಸಾಲಿನಲ್ಲಿ ಕೂರಲಿರುವವರೆಂಬುದನ್ನು ಮರೆಯಬಾರದು.

ನಮ್ಮ ಕರ್ತವ್ಯವೂ ಇದೆ. ಕೆಲವೇ ಕ್ಷಣಗಳ ತುಣುಕನ್ನು ನೋಡಿ ತೀರ್ಪು ನೀಡದಿರೋಣ. ಪೂರ್ಣ ಕಲಾಪವನ್ನು ನೋಡೋಣ, ಓದೋಣ. ನಮ್ಮ ಸಂಸದರು ಊರಿಗೆ ಬಂದಾಗ ಹಾರ ಹಾಕುವ ಮೊದಲು ಸದನದಲ್ಲಿ ಏನು ಹೇಳಿದಿರಿ ಎಂದು ಕೇಳೋಣ.