ಹೊತ್ತು ತಂದ ನಾಲ್ವರು

(ದೇವಾಲಯದ ಶತಮಾನೋತ್ಸವದ ಪೂರ್ವಭಾವಿಯಾಗಿ ವಾಳೆಯ ಗುರಿಕಾರರು ಹಾಗೂ ಧರ್ಮೋಪದೇಶ ಶಿಕ್ಷಕರ ಕೂಟದಲ್ಲಿ ನಿವೃತ್ತ ಶಿಕ್ಷಕರೊಬ್ಬರು ಮಾಡಿದ ಭಾಷಣ)



ವಿಶ್ವಾಸ, ಸೇವೆ ಮತ್ತು ಆಧ್ಯಾತ್ಮಿಕ ಬೆಳವಣಿಗೆ ಎಂಬ ವಿಷಯವನ್ನು ನನಗೆ ವಹಿಸಿಕೊಟ್ಟಿದ್ದೀರಿ. ದೈವಶಾಸ್ತ್ರವನ್ನು ಅಭ್ಯಸಿಸಿದ ಗುರುಗಳ ಸಮ್ಮುಖದಲ್ಲಿ ಇಂಥ ವಿಷಯವನ್ನು ಕುರಿತು ಮಾತನಾಡುವ ಅರ್ಹತೆ ನನಗಿಲ್ಲ. ಶಾಲೆಯಲ್ಲಿ ಗಣಿತ, ಆದಿತ್ಯವಾರಗಳಂದು ಧರ್ಮೋಪದೇಶ, ಇವೆರಡನ್ನೂ ಕಲಿಸುತ್ತಾ ಆಯುಷ್ಯ ಕಳೆದವನು ನಾನು. ಆದುದರಿಂದ ಮಕ್ಕಳಿಗೆ ಹೇಳುತ್ತಿದ್ದ ಸುವಾರ್ತೆಯ ಒಂದು ಪ್ರಸಂಗವನ್ನೇ ನಿಮ್ಮ ಮುಂದೆಯೂ ಇಡುತ್ತೇನೆ.

ಸಂತ ಮಾರ್ಕನ ಸುವಾರ್ತೆಯ ಎರಡನೆಯ ಅಧ್ಯಾಯದಲ್ಲಿ ಆ ಪ್ರಸಂಗ ಬರುತ್ತದೆ. ಯೇಸುಸ್ವಾಮಿ ಕಪೆರ್ನವುಮಿನ ಒಂದು ಮನೆಯಲ್ಲಿ ಬೋಧಿಸುತ್ತಿರುವಾಗ ನಾಲ್ವರು ಒಬ್ಬ ಪಾರ್ಶ್ವವಾಯು ರೋಗಿಯನ್ನು ಹೊತ್ತುಕೊಂಡು ಬಂದರು. ಜನಜಂಗುಳಿಯಿಂದಾಗಿ ಬಾಗಿಲಿನಿಂದ ಒಳಹೋಗಲು ಆಗಲಿಲ್ಲ. ಅವರು ಮಾಡು ಹತ್ತಿ, ಅದನ್ನು ತೆರೆದು, ರೋಗಿಯನ್ನು ಹಾಸಿಗೆ ಸಮೇತ ಕೆಳಗಿಳಿಸಿದರು. ಲೂಕನ ಸುವಾರ್ತೆಯಲ್ಲಿ ಹಂಚಿನ ಪ್ರಸ್ತಾಪವೇ ಇದೆ. ಆ ಮನೆಯ ಯಜಮಾನ ಏನೆಂದನೆಂಬುದನ್ನು ಸುವಾರ್ತೆಗಾರರು ಬರೆದಿಲ್ಲ. ಮಳೆಗಾಲಕ್ಕೆ ಮುನ್ನ ಹಂಚು ಸರಿಪಡಿಸಿ ಅಭ್ಯಾಸವಿರುವ ನಮ್ಮ ಊರಿನ ಮಕ್ಕಳು ಮಾತ್ರ ಈ ಪ್ರಶ್ನೆಯನ್ನು ಪ್ರತಿವರ್ಷವೂ ಕೇಳುತ್ತಿದ್ದರು!

ಆದರೆ ನನ್ನ ಲಕ್ಷ್ಯ ಬೇರೊಂದು ಮಾತಿನ ಕಡೆಗಿದೆ. ಪ್ರಭುವು "ಅವರ" ವಿಶ್ವಾಸವನ್ನು ಕಂಡರೆಂದು ಮಾರ್ಕನು ಬರೆಯುತ್ತಾನೆ. ಹೊತ್ತು ತಂದವರ ವಿಶ್ವಾಸವನ್ನೂ ಸೇರಿಸಿಯೇ ಆತನು ಹಾಗೆ ಬರೆದದ್ದು. ಆ ರೋಗಿಗೆ ತನ್ನದೇ ಆದ ವಿಶ್ವಾಸವಿತ್ತೇ, ಇದ್ದರೆ ಎಷ್ಟಿತ್ತು ಎಂಬ ಕುರಿತು ಪ್ರತ್ಯೇಕವಾಗಿ ಒಂದು ಅಕ್ಷರವೂ ಅಲ್ಲಿಲ್ಲ. ವಿಶ್ವಾಸವೆಂಬುದು ನನ್ನ ಮತ್ತು ದೇವರ ನಡುವಿನ ಖಾಸಗಿ ವ್ಯವಹಾರವೆಂದು ಹೇಳುವವರು ಈಚೆಗೆ ಹೆಚ್ಚಾಗಿದ್ದಾರೆ. ಅಂಥವರು ಈ ಮಾತನ್ನು ತುಸು ನಿಂತು ಓದಬೇಕು.

ನಮ್ಮ ಸಮುದಾಯದ ಚರಿತ್ರೆಯನ್ನು ಇದೇ ದೃಷ್ಟಿಯಿಂದ ನೋಡೋಣ. 1784ರ ವಿಭೂತಿ ಬುಧವಾರ. ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಲಾಯಿತು. ಸೆರೆಯಾದವರ ಸಂಖ್ಯೆಯನ್ನು ಚರಿತ್ರೆಕಾರರು ಬೇರೆ ಬೇರೆಯಾಗಿ ಹೇಳುತ್ತಾರೆ. ಆ ವಾದಕ್ಕೆ ನಾನು ಹೋಗುವುದಿಲ್ಲ. ಗುರುಗಳನ್ನು ಗಡೀಪಾರು ಮಾಡಲಾಯಿತು. ಇಗರ್ಜಿಗಳನ್ನು ನೆಲಸಮ ಮಾಡಲಾಯಿತು. ಮೂಡುಬಿದಿರೆ ಕಡೆಯ ಹೊಸ್ಪೆಟ್ಟಿನ ಹೋಲಿಕ್ರಾಸ್ ಇಗರ್ಜಿಯು ಚೌಟ ಅರಸರ ಸ್ನೇಹದಿಂದಾಗಿ ಉಳಿಯಿತೆಂದು ನಮ್ಮ ಚರಿತ್ರೆಕಾರರು ಬರೆದಿದ್ದಾರೆ. ಚೌಟರು ಜೈನರು. ಶಿಲುಬೆಯ ಹೆಸರಿನ ಒಂದು ದೇವಾಲಯವು ಜೈನ ಅರಸನ ಆಸರೆಯಲ್ಲಿ ನಿಂತಿತೆಂಬುದನ್ನು ನಮ್ಮ ಮಕ್ಕಳಿಗೆ ಇನ್ನಷ್ಟು ಗಟ್ಟಿಯಾಗಿ ಹೇಳಬೇಕಾಗಿದೆ. ಮಾಡು ಹತ್ತಿದವರಲ್ಲಿ ನೆರೆಮನೆಯವರೂ ಇದ್ದರು!

1799ರ ಮೇ 4ರಂದು ಶ್ರೀರಂಗಪಟ್ಟಣ ಪತನವಾದ ಮೇಲೆ ಸೆರೆಯಿಂದ ಬಿಡುಗಡೆಯಾಯಿತು. ನಾನು ಗಣಿತದ ಶಿಕ್ಷಕನಾದ್ದರಿಂದ ಒಂದು ಸಣ್ಣ ಲೆಕ್ಕ ಹಾಕುತ್ತೇನೆ. ಸೆರೆಯಲ್ಲಿ 1785ರಲ್ಲಿ ಹುಟ್ಟಿದ ಮಗುವಿಗೆ ಬಿಡುಗಡೆಯ ವೇಳೆಗೆ ಹದಿನಾಲ್ಕು ವರ್ಷ. ಇಗರ್ಜಿಯ ಗಂಟೆಯನ್ನು ಕೇಳದ, ಬಲಿಪೀಠವನ್ನು ಕಾಣದ ಹದಿನಾಲ್ಕು ವರ್ಷ. ಆ ಮಗುವಿನ ಹಣೆಯ ಮೇಲೆ ಶಿಲುಬೆಯ ಗುರುತನ್ನು ಹಾಕಲು ಕಲಿಸಿದವರು ಯಾರು? ತಾಯಿ ಇರಬೇಕು, ಅಜ್ಜಿ ಇರಬೇಕು. ಬಹಳಷ್ಟು ಮಂದಿ ಮರಳಿ ಬರಲಿಲ್ಲ. ಬಂದವರು ಬರಿಗೈಯಲ್ಲಿ ಬಂದರು. ಭೂಮಿ ಪರರ ಪಾಲಾಗಿತ್ತು, ಇಗರ್ಜಿ ನೆಲಸಮವಾಗಿತ್ತು. ಆದರೂ ಇಂದು ನಾವು ಇಲ್ಲಿ ಕುಳಿತಿದ್ದೇವೆ. ನಮ್ಮನ್ನು ಇಲ್ಲಿಯವರೆಗೆ ಹೊತ್ತು ತಂದವರ ಹೆಸರು ಯಾವ ಜ್ಞಾನಸ್ನಾನದ ಪುಸ್ತಕದಲ್ಲೂ ಸಿಗಲಾರದು.

ಇದಕ್ಕೂ ನೂರು ವರ್ಷಗಳ ಹಿಂದೆ, 1681ರಿಂದ 1684ರವರೆಗೆ, ನಮ್ಮ ಕೆನರಾದಲ್ಲಿ ಸೇವೆ ಸಲ್ಲಿಸಿದ ಸಂತ ಜೋಸೆಫ್ ವಾಜರನ್ನೂ ಇಲ್ಲಿ ನೆನೆಯಬೇಕು. ಬಂಟ್ವಾಳಕ್ಕೆ ದೂರವಲ್ಲದ ಮುಡಿಪು ಗುಡ್ಡೆಯಲ್ಲಿ ಅವರ ಪ್ರಾರ್ಥನೆಯಿಂದ ನೀರು ಚಿಮ್ಮಿತೆಂಬ ಐತಿಹ್ಯ ನಿಮಗೆಲ್ಲರಿಗೂ ತಿಳಿದಿದೆ. ನನ್ನನ್ನು ಅದಕ್ಕಿಂತ ಹೆಚ್ಚಾಗಿ ಸೆಳೆದದ್ದು ಅವರ ಮುಂದಿನ ಬಾಳು. 1687ರಲ್ಲಿ ಅವರು ಸಿಲೋನಿಗೆ ಹೋದರು. ಡಚ್ಚರು ಯಾಫ್ನವನ್ನು 1658ರಲ್ಲಿಯೇ ವಶಪಡಿಸಿಕೊಂಡು ಕಥೋಲಿಕ ಗುರುಗಳನ್ನು ನಿಷೇಧಿಸಿದ್ದರು. ವಾಜರು ಭಿಕ್ಷುಕನ ವೇಷದಲ್ಲಿ, ಕೊರಳಿಗೆ ಜಪಮಾಲೆ ಹಾಕಿಕೊಂಡು ಮನೆಮನೆ ತಿರುಗಿದರು. ಆ ಜಪಮಾಲೆಯನ್ನು ಕಂಡು ಯಾರ ಕಣ್ಣು ಅರಳುವುದೋ ಅವರು ಗುಪ್ತ ಕಥೋಲಿಕರೆಂದು ತಿಳಿಯುವ ಉಪಾಯ ಅದು. ಮೂವತ್ತು ವರ್ಷ ಗುರುಗಳ ಮುಖ ಕಾಣದಿದ್ದರೂ ಅರಳುವ ಕಣ್ಣುಗಳು ಅಲ್ಲಿ ಉಳಿದಿದ್ದವು! ಮುಂದೆ ಅವರು ಊರೂರಿನಲ್ಲಿ ಪ್ರಾರ್ಥನೆ ನಡೆಸುವ, ಮಕ್ಕಳಿಗೆ ಕಲಿಸುವ ಅಣ್ಣಾವಿಗಳೆಂಬ ಶ್ರೀಸಾಮಾನ್ಯರನ್ನು ಸಿದ್ಧಪಡಿಸಿದರು. ತಾವು ಮತ್ತೆ ಬರುವವರೆಗೆ ಆ ಊರಿನ ವಿಶ್ವಾಸವನ್ನು ಅವರ ಕೈಗೆ ಒಪ್ಪಿಸಿ ಹೋಗುತ್ತಿದ್ದರು. 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ಅವರು ದೈವಾಧೀನರಾದರು. 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸರು ಕೊಲಂಬೊದಲ್ಲಿ ಅವರನ್ನು ಸಂತರೆಂದು ಘೋಷಿಸಿದಾಗ ನಾವು ಪಟಾಕಿ ಸಿಡಿಸಿದೆವು. ಅಣ್ಣಾವಿಗಳ ನೆನಪು ಮಾತ್ರ ಅಂದು ಯಾರಿಗೂ ಬಂದಂತಿರಲಿಲ್ಲ.

ಅಷ್ಟು ಹಿಂದೆ ಹೋಗುವುದೂ ಬೇಡ. ಬೆಳ್ತಂಗಡಿ ತಾಲೂಕಿನ ಮಲೆತಪ್ಪಲಿಗೆ ಕೇರಳದಿಂದ ಬಂದು ನೆಲೆಸಿದ ಸಿರೋ ಮಲಬಾರ್ ವಿಧಿಯ ಕುಟುಂಬಗಳನ್ನು ನಾವು ಬಲ್ಲೆವು. ಅವರಿಗಾಗಿ ಬೆಳ್ತಂಗಡಿ ಧರ್ಮಪ್ರಾಂತ್ಯ ಸ್ಥಾಪನೆಯಾದದ್ದು 1999ರಲ್ಲಿ. ಆದರೆ ಅವರ ವಿಶ್ವಾಸ ಆ ಸ್ಥಾಪನೆಗಾಗಿ ಕಾದು ಕುಳಿತಿರಲಿಲ್ಲ.

ಎರಡನೆಯ ವ್ಯಾಟಿಕನ್ ಮಹಾಸಭೆಯು 1964ರಲ್ಲಿ ಧರ್ಮಸಭೆಯ ಕುರಿತ ತನ್ನ ಘೋಷಣೆಯಲ್ಲಿ ಕುಟುಂಬವನ್ನು ಗೃಹ ಧರ್ಮಸಭೆಯೆಂದು ಕರೆಯಿತು. 1965ರಲ್ಲಿ ಶ್ರೀಸಾಮಾನ್ಯರ ಪ್ರೇಷಿತ ಕಾರ್ಯದ ಬಗ್ಗೆ ಪ್ರತ್ಯೇಕ ಆದೇಶವನ್ನೇ ಹೊರಡಿಸಿತು. ಸೇವೆಯೆಂಬುದು ಗುರುಗಳು ಕೃಪೆಯಿಂದ ನಮಗೆ ಬಿಟ್ಟುಕೊಟ್ಟ ಪಾಲಲ್ಲ, ಜ್ಞಾನಸ್ನಾನದಿಂದಲೇ ಬಂದ ಹೊಣೆಯೆಂದು ಅದರ ತಾತ್ಪರ್ಯ. ಓದು ಬರಹ ತಿಳಿಯದ ನನ್ನ ತಾಯಿ ಮಹಾಸಭೆಯ ಹೆಸರನ್ನೂ ಕೇಳಿರಲಿಲ್ಲ. ಮಳೆಗಾಲದಲ್ಲಿ ತೋಡು ತುಂಬಿ ಸಂಕ ಕೊಚ್ಚಿಹೋದಾಗ ನಮಗೆ ಇಗರ್ಜಿಯ ದಾರಿ ಮುಚ್ಚುತ್ತಿತ್ತು. ಆಗ ಆದಿತ್ಯವಾರ ಬೆಳಿಗ್ಗೆ ಆಕೆ ನಮ್ಮನ್ನೂ ಆಚೆಮನೆಯ ಮಕ್ಕಳನ್ನೂ ಅಲ್ತಾರಿನ ಮುಂದೆ ಕೂರಿಸಿ ತೇರ್ಸ್ ಹೇಳಿಸುತ್ತಿದ್ದಳು. ಮುಗಿದ ಮೇಲೆ ಹಿರಿಯರ ಬೆಸಾಂವ್ ಬೇಡಿಯೇ ನಾವು ಏಳಬೇಕಾಗಿತ್ತು. ಕಿರಿಯರಾದವರು ಕೈಜೋಡಿಸಿ ಬೇಡುವುದು, ಹಿರಿಯರು ದೇವರ ಹೆಸರಿನಲ್ಲಿ ಕೊಡುವುದು. ಪ್ರತಿ ಮನೆಯಲ್ಲೂ ಒಬ್ಬ ಸೇವಕನಿದ್ದಾನೆಂಬ ತತ್ವವನ್ನು ಇದಕ್ಕಿಂತ ಸರಳವಾಗಿ ಬೋಧಿಸಲು ಸಾಧ್ಯವೇ?

ಆಧ್ಯಾತ್ಮಿಕ ಬೆಳವಣಿಗೆಯ ಕುರಿತು ನನ್ನ ಸ್ವಂತ ಅನುಭವವನ್ನೂ ಹೇಳಬೇಕೆಂದು ವಿಗಾರರು ಅಪ್ಪಣೆ ಮಾಡಿದ್ದಾರೆ. ಹೇಳುತ್ತೇನೆ. ನನ್ನ ಪತ್ನಿ ತೀರಿಕೊಂಡ ವರ್ಷ ನನ್ನ ಬಾಯಿಂದ ಪ್ರಾರ್ಥನೆ ಹೊರಡಲಿಲ್ಲ. ದೇವರ ಮೇಲೆ ಕೋಪವಿತ್ತೆಂದಲ್ಲ. ಕೋಪವಾದರೂ ಒಂದು ಬಗೆಯ ಸಂಭಾಷಣೆ. ನನ್ನಲ್ಲಿ ಅದೂ ಇರಲಿಲ್ಲ. ನಲವತ್ತು ವರ್ಷ ಮಕ್ಕಳಿಗೆ ಹೇಳಿಕೊಟ್ಟ "ಪರಲೋಕದಲ್ಲಿರುವ ನಮ್ಮ ತಂದೆಯೇ" ಎಂಬ ಜಪ ಗಂಟಲಿನಲ್ಲೇ ಒಣಗಿಹೋಗುತ್ತಿತ್ತು. ನಮ್ಮ ವಾಳೆಯ ಐದಾರು ಮಂದಿ, ಹೆಚ್ಚಿನವರು ಬೀಡಿ ಕಟ್ಟಿ ಬಾಳುವೆ ನಡೆಸುವ ಹೆಂಗಸರು, ಸಂಜೆಯಾಗುತ್ತಲೇ ನನ್ನ ಮನೆಗೆ ಬರುತ್ತಿದ್ದರು. ಸಾಂತ್ವನದ ದೊಡ್ಡ ಮಾತುಗಳನ್ನು ಅವರು ಆಡಲಿಲ್ಲ. ಮೇಣದ ಬತ್ತಿ ಹಚ್ಚಿ, ತೇರ್ಸ್ ಹೇಳಿ, "ಬರುತ್ತೇವೆ ಮಾಸ್ತರೇ" ಎಂದು ಎದ್ದು ಹೋಗುತ್ತಿದ್ದರು. ನಾನು ಗೋಡೆಗೊರಗಿ ಸುಮ್ಮನೆ ಕುಳಿತಿರುತ್ತಿದ್ದೆ. ಒಂದು ಮಳೆಗಾಲವಿಡೀ ಹೀಗೆಯೇ ಸಾಗಿತು. ನನ್ನ ಪರವಾಗಿ ಅವರು ನಂಬಿದರು. ಮತ್ತೆ ಯಾವ ದಿನ ಆ ಜಪಕ್ಕೆ ನನ್ನ ದನಿಯೂ ಸೇರಿತೆಂಬುದು ನನಗೆ ನೆನಪಿಲ್ಲ. ಮಾರ್ಕನ ಸುವಾರ್ತೆಯ ಆ ರೋಗಿ ಯಾರೆಂದು ನನಗೆ ಅರ್ಥವಾದದ್ದು ಆ ವರ್ಷ. ಅಲ್ಲಿಯವರೆಗೆ ನಾನು ಆ ಪಾಠವನ್ನು ಹೊರುವವರ ಪಕ್ಷದಲ್ಲಿ ನಿಂತು ಕಲಿಸಿದ್ದೆ.

ಇನ್ನು ಇಂದಿನ ಸಂಗತಿ. ಗುರಿಕಾರರೇ, ನಿಮ್ಮ ಹುದ್ದೆ ಪುರಾತನವಾದದ್ದು, ಗೌರವದ್ದು. ಈ ಶತಮಾನೋತ್ಸವದ ಗಡಿಬಿಡಿಯಲ್ಲಿ ಅದು ವಂತಿಗೆ ವಸೂಲಿಗೂ ಆಮಂತ್ರಣ ಪತ್ರಿಕೆ ಹಂಚುವುದಕ್ಕೂ ಇಳಿದುಬಿಟ್ಟಿದೆ. ನಾನು ಕಟ್ಟಡದ ವಿರೋಧಿಯಲ್ಲ. ಹೊಸ ಗೋಪುರ ಏಳಲಿ, ಗಂಟೆಯ ನಾದ ದೂರಕ್ಕೆ ಕೇಳಿಸಲಿ. ಆದರೆ ಆ ಗಂಟೆಯನ್ನು ಹಾಸಿಗೆಯಲ್ಲಿ ಮಲಗಿಯೇ ಕೇಳುವವರು ನಮ್ಮ ವಾಳೆಗಳಲ್ಲಿ ಎಷ್ಟು ಮಂದಿ ಇದ್ದಾರೆ? ಮಕ್ಕಳು ಗಲ್ಫಿನಲ್ಲಿ, ಮುಂಬಯಿಯಲ್ಲಿ, ಬೆಂಗಳೂರಿನಲ್ಲಿ. ಮನೆ ದೊಡ್ಡದು, ಟೈಲ್ಸ್ ಹೊಳೆಯುತ್ತದೆ. ಒಳಗೆ ಇಬ್ಬರು ಮುದುಕರು, ಕೆಲವೆಡೆ ಒಬ್ಬರೇ. ಮೊಂತಿ ಹಬ್ಬದಂದು ಆಶೀರ್ವದಿಸಿದ ತೆನೆಯನ್ನು ಮನೆಗೆ ಒಯ್ಯುತ್ತೇವೆ, ಪರವೂರಿನ ಮಕ್ಕಳಿಗೂ ಕಳುಹಿಸುತ್ತೇವೆ. ಹೊಸ ಅಕ್ಕಿಯ ಊಟವನ್ನು ಮನೆಮಂದಿಯೆಲ್ಲ ಕೂಡಿ ಉಣ್ಣಬೇಕೆಂಬುದು ನಮ್ಮ ಸಂಪ್ರದಾಯ. ಕಳೆದ ವರ್ಷ ಎಷ್ಟು ಮನೆಗಳಲ್ಲಿ ಆ ಊಟಕ್ಕೆ ಒಂದೇ ಎಲೆ ಹಾಕಲಾಯಿತು?

ಅಂಥವರಿಗೆ ಪರಮಪ್ರಸಾದ ಕೊಡಲು ವಿಗಾರರು ತಿಂಗಳಿಗೊಮ್ಮೆ ಹೋಗುತ್ತಾರೆ. ಒಬ್ಬ ಗುರು, ಇಷ್ಟೊಂದು ಮನೆಗಳು. ಒಂದು ಮನೆಗೆ ಹತ್ತು ನಿಮಿಷವೂ ದಕ್ಕುವುದಿಲ್ಲ. ಉಳಿದ ದಿನಗಳು ಯಾರ ಪಾಲಿನವು? ನನ್ನ ಮನೆಗೆ ಬರುತ್ತಿದ್ದ ಹೆಂಗಸರಿಗೆ ಯಾವ ಸಂಘದ ಪದವಿಯೂ ಇರಲಿಲ್ಲ, ಯಾರೂ ಅವರಿಗೆ ತರಬೇತಿ ಕೊಟ್ಟಿರಲಿಲ್ಲ. ಅವರಲ್ಲಿ ಇಬ್ಬರು ಈಗ ತಾವೇ ಹಾಸಿಗೆ ಹಿಡಿದಿದ್ದಾರೆ. ಅವರ ಮನೆಗೆ ಸಂಜೆ ಹೋಗುವವರು ಯಾರೆಂದು ನಾನು ಈ ಸಭೆಯಲ್ಲಿ ಬಹಿರಂಗವಾಗಿಯೇ ಕೇಳುತ್ತಿದ್ದೇನೆ.

ಧರ್ಮೋಪದೇಶದ ಶಿಕ್ಷಕರಿಗೂ ಒಂದು ಸೂಚನೆ. ಏಳನೆಯ ತರಗತಿಯಿಂದ ಮೇಲಿನ ಮಕ್ಕಳನ್ನು ತಿಂಗಳಲ್ಲಿ ಒಂದು ಆದಿತ್ಯವಾರ ಪಾಠದ ಕೋಣೆಯಿಂದ ಹೊರಗೆ ಕರೆತನ್ನಿ. ನಾಲ್ವರು ನಾಲ್ವರಾಗಿ, ಒಬ್ಬ ಹಿರಿಯರ ಜೊತೆಯಲ್ಲಿ, ಒಂದೊಂದು ಮನೆಗೆ ಕಳುಹಿಸಿ. ಒಂದು ತೇರ್ಸ್ ಹೇಳಲಿ, ಅಜ್ಜ ಅಜ್ಜಿಯರ ಬೆಸಾಂವ್ ಬೇಡಲಿ. ಪರೀಕ್ಷೆಗೆ ಅಂಕ ಬೇಕಿದ್ದರೆ ಅದಕ್ಕೇ ಕೊಡಿ.

ವಿಗಾರರ ಒಪ್ಪಿಗೆ ಪಡೆದು ನಾನೂ ಇನ್ನಿಬ್ಬರೂ ವಾಳೆವಾರು ಒಂದು ಪಟ್ಟಿ ಮಾಡಿದ್ದೇವೆ. ಒಂಟಿಯಾಗಿರುವವರು, ಹಾಸಿಗೆ ಹಿಡಿದವರು, ಇಗರ್ಜಿಗೆ ಬರಲಾರದವರು, ಎಲ್ಲರೂ ಸೇರಿ ಈ ಧರ್ಮಕೇಂದ್ರದಲ್ಲಿ ಅರುವತ್ತಮೂರು ಮಂದಿ. ಪ್ರತಿ ಹೆಸರಿನ ಮುಂದೆ ನಾಲ್ಕು ಗೆರೆ ಎಳೆದಿದ್ದೇವೆ. ಬರುವ ಆದಿತ್ಯವಾರ ಮೊದಲ ಪೂಜೆಯಾದ ಬಳಿಕ ಆ ಪುಸ್ತಕ ಪೋರ್ಟಿಕೋದ ಮೇಜಿನ ಮೇಲೆ ಇರುತ್ತದೆ. ಲೇಖನಿಯನ್ನೂ ಇಟ್ಟಿರುತ್ತೇವೆ.